ಡ್ರಿಲ್ ಮಾಸ್ತರನ ಅರಮನೆ

ವರ್ಷಾರಂಭದಲ್ಲಿ ಹೊಸ ವಿದ್ಯಾರ್ಥಿಗಳು ತರಗತಿಗೆ ಬಂದು ಕುಳಿತಾಗ ಮೊದಲ ದಿನವೇ ಪಠ್ಯವನ್ನು ತೆರೆಯುವುದು ನನ್ನ ವಾಡಿಕೆಯಲ್ಲ. ಒಂದೊಂದು ಹಾಳೆಯನ್ನು ಹಂಚಿ, ಮುಂದೆ ಏನಾಗಬೇಕೆಂದು ಬಯಸಿದ್ದೀರಿ ಎಂಬುದನ್ನು ಹತ್ತು ಸಾಲಿನಲ್ಲಿ ಬರೆಯಿರಿ ಎನ್ನುತ್ತೇನೆ. ಕನ್ನಡ ಬರೆಹದ ಹದವನ್ನು ತಿಳಿಯುವುದಕ್ಕೆ ಇದು ಒಳ್ಳೆಯ ಉಪಾಯ; ಮನಸ್ಸಿನ ಹದವೂ ಅಷ್ಟಿಷ್ಟು ತಿಳಿದುಬರುತ್ತದೆ. ಹೆಚ್ಚಿನವರು ಬ್ಯಾಂಕು, ಪೊಲೀಸು, ಉಪಾಧ್ಯಾಯ ವೃತ್ತಿ ಎಂದು ಬರೆಯುತ್ತಾರೆ. ಬರೆಯಲಿ, ಹೊಟ್ಟೆಯ ಪಾಡನ್ನು ಹಗುರವಾಗಿ ಕಾಣುವ ಹಕ್ಕು ನಮಗಿಲ್ಲ. ಆದರೆ ಕಳೆದ ಬಾರಿ ಒಂದು ಹಾಳೆಯಲ್ಲಿ ಒಂದೇ ಸಾಲು ಇದ್ದಿತು. ಮನೆಯವರಿಗಾಗಿ ಒಂದು ಕೆಲಸ, ತನಗಾಗಿ ಒಂದು ಕೆಲಸ. ಎರಡನೆಯದು ಯಾವುದೆಂದು ಹೇಳಲು ಮನಸ್ಸಿಲ್ಲ ಎಂಬುದು ಅದರ ಭಾವ. ಹಾಳೆಯ ಕೆಳಗೆ ಬರೆದವರ ಹೆಸರಿರಲಿಲ್ಲ. ಅದನ್ನು ಓದುತ್ತಿದ್ದಂತೆ ನನಗೆ ನೆನಪಾದವನು ನಂದಳಿಕೆಯ ಲಕ್ಷ್ಮೀನಾರಣಪ್ಪ. ಆ ದಿನ ಪಾಠವನ್ನು ಬಿಟ್ಟು ಅವನ ಕಥೆಯನ್ನೇ ಹೇಳಿದೆ.

ಲಕ್ಷ್ಮೀನಾರಣಪ್ಪ ಹುಟ್ಟಿದ್ದು 1870ರ ಜನವರಿಯಲ್ಲಿ, ಕಾರ್ಕಳದ ಸಮೀಪದ ನಂದಳಿಕೆಯಲ್ಲಿ. ಆಗ ಅದು ಮದರಾಸು ಆಧಿಪತ್ಯಕ್ಕೆ ಸೇರಿದ ದಕ್ಷಿಣ ಕನ್ನಡ. ಈಗ ಉಡುಪಿ ಜಿಲ್ಲೆ. ಬಡವರ ಮನೆ. ತಾಯಿ ಮಹಾಲಕ್ಷ್ಮಿ. ನೋಡಲು ಮುದ್ದಾಗಿದ್ದ ಮಗನನ್ನು ಮನೆಯಲ್ಲಿ ಮುದ್ದಣನೆಂದು ಕರೆಯುತ್ತಿದ್ದರು. ಆ ಹೆಸರು ಒಂದು ದಿನ ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಒಂದು ಅಧ್ಯಾಯವಾಗುವುದೆಂದು ಆ ತಾಯಿಗೆ ತಿಳಿದಿರಲು ಸಾಧ್ಯವೆ?

ಹುಡುಗನಿಗೆ ಓದಿನ ಆಸೆ ಇದ್ದಿತು. ಓದಿಸುವ ಶಕ್ತಿ ಮನೆಗೆ ಇರಲಿಲ್ಲ. ಊರಿನ ಶಾಲೆ ಮುಗಿಸಿ ಉಡುಪಿಗೆ ಹೋದದ್ದಾಯಿತು. ಅಲ್ಲಿಂದ ಮುಂದಕ್ಕೆ ದಾರಿ ಕಾಣಲಿಲ್ಲ. ಬೇಗನೆ ಅನ್ನಕ್ಕೆ ದಾರಿಯಾಗುವ ವಿದ್ಯೆ ಬೇಕಾಗಿತ್ತು. ಮದರಾಸಿಗೆ ಹೋಗಿ ಅಂಗಸಾಧನೆಯ ಶಿಕ್ಷಣವನ್ನು ಪಡೆದು ಬಂದು, ಉಡುಪಿಯ ಶಾಲೆಯಲ್ಲಿ ಡ್ರಿಲ್ ಮಾಸ್ತರನಾದನು. ನಡುವೆ ಕೆಲಕಾಲ ಕುಂದಾಪುರದಲ್ಲಿಯೂ ದುಡಿದು ಮತ್ತೆ ಉಡುಪಿಗೆ ಬಂದನು. ಮುಂದೆ ಕನ್ನಡ ಪಾಠವನ್ನು ಹೇಳುವ ಅವಕಾಶವೂ ದೊರೆಯಿತು. ಆದರೆ ಊರಿನವರ ಕಣ್ಣಿಗೆ ಅವನು ಬಿಸಿಲಿನಲ್ಲಿ ಹುಡುಗರನ್ನು ಸಾಲಾಗಿ ನಿಲ್ಲಿಸಿ ಕೈಕಾಲು ಆಡಿಸುವ ಮಾಸ್ತರನಾಗಿಯೇ ಉಳಿದನೆಂದು ತೋರುತ್ತದೆ.

ಇದು ಮನೆಯವರಿಗಾಗಿ ಮಾಡಿದ ಕೆಲಸ. ಇನ್ನು ತನಗಾಗಿ ಮಾಡಿದ ಕೆಲಸ ಬೇರೆಯೇ ಇದ್ದಿತು. ಕರಾವಳಿಯ ಮಗುವಿಗೆ ಕಾವ್ಯದ ಮೊದಲ ಪಾಠ ಯಕ್ಷಗಾನದ ರಂಗದಲ್ಲಿಯೇ ಆಗುತ್ತದೆ. ಮುದ್ದಣನು ಮೊದಲು ಬರೆದುದೂ ಪ್ರಸಂಗಗಳನ್ನೇ: ರತ್ನಾವತಿ ಕಲ್ಯಾಣ, ಕುಮಾರವಿಜಯ. ಅಷ್ಟಕ್ಕೆ ತೃಪ್ತನಾಗದೆ ಹಳಗನ್ನಡದ ಕಾವ್ಯ ವ್ಯಾಕರಣಗಳನ್ನು ಹಿಡಿದು ಕುಳಿತನು. ಕಾಲೇಜಿಲ್ಲ, ಗುರುಪೀಠವಿಲ್ಲ. ಶಾಲೆಯ ಗಂಟೆ ಬಾರಿಸಿದ ಮೇಲೆ ಉಳಿದ ಹೊತ್ತಿನಲ್ಲಿ ಗಳಿಸಿದ ಪಾಂಡಿತ್ಯ ಅದು. ಎಂ. ಎ. ಪದವಿಗಾಗಿ ಎರಡು ವರ್ಷ ಗ್ರಂಥಾಲಯದ ನೆರಳಿನಲ್ಲಿ ಕುಳಿತು ಓದಿದ ನನ್ನಂಥವನಿಗೆ ಇದನ್ನು ನೆನೆದಾಗ ನಾಚಿಕೆಯಾಗುತ್ತದೆ.

ಆ ಕಾಲದಲ್ಲಿ ಮೈಸೂರಿನಲ್ಲಿ ಎಂ. ಎ. ರಾಮಾನುಜಯ್ಯಂಗಾರ್ಯರೂ ಎಸ್. ಜಿ. ನರಸಿಂಹಾಚಾರ್ಯರೂ ಸೇರಿ ಕಾವ್ಯಮಂಜರಿ ಎಂಬ ಮಾಸಪತ್ರಿಕೆಯನ್ನು ನಡೆಸುತ್ತಿದ್ದರು. ಓಲೆಗರಿಗಳಲ್ಲಿ ಹುದುಗಿದ್ದ ಪ್ರಾಚೀನ ಕಾವ್ಯಗಳನ್ನು ಅಚ್ಚಿಗೆ ತರುವುದು ಅವರ ವ್ರತ. ಅದೇ ಕಾರ್ಯವನ್ನು ಮುಂದೆ ಕಾವ್ಯಕಲಾನಿಧಿಯೂ ನಡೆಸಿತು. ಹಳೆಯ ಕವಿಗೆ ಅಲ್ಲಿ ಮಣೆ. ಹೊಸಬನಿಗೆ, ಅದರಲ್ಲಿಯೂ ಘಟ್ಟದ ಕೆಳಗಿನ ಯಾವನೋ ಡ್ರಿಲ್ ಮಾಸ್ತರನಿಗೆ ಎಲ್ಲಿಯ ಸ್ಥಾನ? ಮುದ್ದಣನು ಕಂಡುಕೊಂಡ ಉಪಾಯ ಎಲ್ಲರಿಗೂ ಗೊತ್ತಿರುವಂಥದೇ. ತನ್ನ ಬರೆಹವನ್ನು ತನ್ನದೆನ್ನದೆ, ದೊರೆತ ಹಳೆಯ ಗ್ರಂಥವೆಂಬಂತೆ ಮೈಸೂರಿಗೆ ಕಳುಹಿಸಿದನು. ಹಳಗನ್ನಡದ ಬನಿಯನ್ನು ಬಲ್ಲ ಸಂಪಾದಕರೇ ಅದನ್ನು ಹಳೆಯದೆಂದು ನಂಬಿ ಅಚ್ಚು ಹಾಕಿದರು. 1890ರ ದಶಕದ ನಡುವೆ ಅದ್ಭುತ ರಾಮಾಯಣ ಎಂಬ ಗದ್ಯಕೃತಿಯೂ, ವಾರ್ಧಕ ಷಟ್ಪದಿಯ ಶ್ರೀರಾಮ ಪಟ್ಟಾಭಿಷೇಕವೂ ಹೀಗೆ ಬೆಳಕು ಕಂಡವು. ಕೊನೆಯ ವರ್ಷಗಳಲ್ಲಿ ಶ್ರೀ ರಾಮಾಶ್ವಮೇಧ ಬಂದಿತು.

ರಾಮಾಶ್ವಮೇಧದ ಕಥೆ ಪದ್ಮಪುರಾಣದಿಂದ ಬಂದುದು. ಯಾಗದ ಕುದುರೆ ಹೋದಲ್ಲೆಲ್ಲ ಯುದ್ಧ. ಆ ಯುದ್ಧಗಳು ಇಂದು ಎಷ್ಟು ಜನರ ನೆನಪಿನಲ್ಲಿವೆಯೋ ಕಾಣೆ. ಮರೆಯದೆ ಉಳಿದಿರುವುದು ಕಥೆಯನ್ನು ಹೇಳುವ ಗಂಡ, ಕೇಳುವ ಹೆಂಡತಿ. ಮಳೆಗಾಲದ ಒಂದು ದಿನ ಮುದ್ದಣನು ಅರಮನೆಯಿಂದ ಮನೆಗೆ ಬರುತ್ತಾನೆ. ಮನೋರಮೆ ಉಪಚರಿಸುತ್ತಾಳೆ, ಹೊತ್ತು ಹೋಗಲು ಒಂದು ಕಥೆಯನ್ನು ಬೇಡುತ್ತಾಳೆ. ಪದ್ಯದಲ್ಲಿ ಹೇಳಲೆ ಎಂದರೆ ಒಲ್ಲೆ ಎನ್ನುತ್ತಾಳೆ, ಗದ್ಯವೇ ಬೇಕೆನ್ನುತ್ತಾಳೆ. ಗಂಡನು ಸಂಸ್ಕೃತದ ಬಿಗುವಿನಲ್ಲಿ ತೊಡಗಿದರೆ ತಡೆದು, ತನಗೆ ತಿಳಿಯುವ ಕನ್ನಡವನ್ನು ಕೇಳುತ್ತಾಳೆ. ಕಥೆ ಎಳೆದಾಡಿದರೆ ಹಂಗಿಸುತ್ತಾಳೆ. ಕನ್ನಡದಲ್ಲಿ ಗದ್ಯದ ಹೊಸ ಯುಗ ಇನ್ನೂ ಕಣ್ಣು ತೆರೆಯುತ್ತಿದ್ದ ಹೊತ್ತಿನಲ್ಲಿ, ಹಳಗನ್ನಡದ ಉಡುಗೆಯನ್ನು ತೊಟ್ಟೇ ಒಬ್ಬ ಹೆಣ್ಣುಮಗಳ ಬಾಯಿಂದ ಗದ್ಯದ ಪರವಾಗಿ ವಾದ ಮಾಡಿಸಿದವನು ಅವನು. ಮುಳಿಯ ತಿಮ್ಮಪ್ಪಯ್ಯ, ಪಂಜೆಯವರಂಥ ಹಿರಿಯರನ್ನು ಪಡೆದ ಕರಾವಳಿಯಲ್ಲಿ ಹೊಸಗನ್ನಡದ ಮುಂಗೋಳಿಯೆಂಬ ಮಾತು ಮುದ್ದಣನಿಗೆ ಸಲ್ಲುವುದು ಇದಕ್ಕಾಗಿಯೇ.

ಆದರೆ ನನ್ನ ಮನಸ್ಸು ಪ್ರತಿ ಸಲವೂ ನಿಲ್ಲುವುದು ಆ ಅರಮನೆಯ ಬಳಿ. ಶಾಲೆಯ ಬಯಲಿನಿಂದ ಬೆವರಿ ಬರುತ್ತಿದ್ದವನು ಕಾವ್ಯದಲ್ಲಿ ಅರಮನೆಯಿಂದ ಬರುತ್ತಾನೆ. ಕಷ್ಟದ ಸಂಸಾರದ ಮಾಸ್ತರನು ಅಲ್ಲಿ ಆಸ್ಥಾನಕವಿ. ಆಗಿನ ಮೈಸೂರಿನಲ್ಲಿ ಆಸ್ಥಾನಕವಿಯ ಪದವಿ ಕೇವಲ ಕಟ್ಟುಕಥೆಯಾಗಿರಲಿಲ್ಲ. ಬಸಪ್ಪಶಾಸ್ತ್ರಿಗಳು ಚಾಮರಾಜ ಒಡೆಯರ ಮನ್ನಣೆಯನ್ನು ಪಡೆದು 1891ರಲ್ಲಷ್ಟೇ ತೀರಿಕೊಂಡಿದ್ದರು. ಉಡುಪಿಯ ಯುವಕನು ಘಟ್ಟದ ಮೇಲಣ ಆ ವೈಭವವನ್ನು ದೂರದಿಂದ ನೆನೆದಿರಬಹುದು. ಅವನು ತನ್ನ ಮುಂದಿನ ಬಾಳಿನ ಯೋಜನೆಯನ್ನು ಎಲ್ಲಿಯೂ ಬರೆದಿಟ್ಟವನಲ್ಲ. ಬರೆದಿಟ್ಟಿದ್ದರೆ ಅದು ರಾಮಾಶ್ವಮೇಧದ ಆ ಮೊದಲ ಪುಟಗಳೇ ಎಂದು ನನಗೆ ತೋರುತ್ತದೆ. ನಿಜವಾದ ಮನೆಯಲ್ಲಿ ಹೆಂಡತಿ ಕಮಲಾ ಇದ್ದಳು, ಒಬ್ಬ ಮಗನಿದ್ದನು, ಬಡತನವಿತ್ತು, ಎದೆಯಲ್ಲಿ ಕ್ಷಯ ಹೊಕ್ಕಿತ್ತು. ಮೈಯನ್ನು ಗಟ್ಟಿಮಾಡುವ ವಿದ್ಯೆಯನ್ನು ಕಲಿಸುತ್ತಿದ್ದವನ ಮೈಯನ್ನೇ ರೋಗ ತಿಂದಿತು. 1901ರ ಫೆಬ್ರವರಿಯಲ್ಲಿ ಅವನು ತೀರಿಕೊಂಡಾಗ ವಯಸ್ಸು 31. ಮುದ್ದಣನೆಂದರೆ ಹಳೆಯ ಕಾಲದ ಯಾವನೋ ಕವಿಯಲ್ಲ, ಉಡುಪಿಯ ಆ ಮಾಸ್ತರನೇ ಎಂಬುದು ನಾಡಿಗೆ ನಿಶ್ಚಯವಾದದ್ದು ಅವನು ಕಣ್ಮರೆಯಾದ ಎಷ್ಟೋ ವರ್ಷಗಳ ಬಳಿಕ.

ಕಥೆಯನ್ನು ಇಲ್ಲಿಗೆ ತಂದು ನಿಲ್ಲಿಸಿ, ಪ್ರತಿಭೆಗೆ ಸಾವಿಲ್ಲ ಎಂಬ ಮಾತಿನಿಂದ ಮುಗಿಸುವುದು ನನ್ನ ರೂಢಿಯಾಗಿತ್ತು. ಆ ದಿನ ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ನಿಂತು, ಇದರಿಂದ ಅವನಿಗೆ ದೊರೆತದ್ದೇನು ಸರ್ ಎಂದು ಕೇಳಿಬಿಟ್ಟ. ತರಗತಿ ನಗಲಿಲ್ಲ. ನಾನು ಏನೋ ಹೇಳಿ ಗಂಟೆ ಮುಗಿಸಿದೆ. ಆದರೆ ಪ್ರಶ್ನೆ ನನ್ನೊಂದಿಗೆ ಮನೆಗೆ ಬಂದಿತು.

ಬರಲು ಕಾರಣವಿದ್ದಿತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಒಂದೆರಡು ಕಥೆಗಳನ್ನು ಬರೆದವನು. ಕನ್ನಡ ಮೇಷ್ಟರು ಕಥೆ ಕೆಟ್ಟರೆ ಮಾನ ಹೋದೀತೆಂದು ಬೇರೊಂದು ಹೆಸರಿನಲ್ಲಿ ಕಳುಹಿಸಿದ್ದೆ. ಒಂದು ಅಚ್ಚಾಯಿತು. ಸಹೋದ್ಯೋಗಿಯೊಬ್ಬರು ಅದನ್ನು ನನ್ನೆದುರಿಗೇ ಮೆಚ್ಚಿ ಮಾತನಾಡಿದರು. ಅದು ನನ್ನದೆನ್ನಲು ಬಾಯಿ ಬರಲಿಲ್ಲ. ಆ ಸಂಜೆ ಆದ ಸಂತೋಷದಲ್ಲಿ ಎಂಥದೋ ಒಂದು ಕಹಿ ಬೆರೆತಿತ್ತು. ಮತ್ತೆ ನಾನು ಕಥೆ ಬರೆಯಲಿಲ್ಲ. ಮುದ್ದಣನೊಡನೆ ನನ್ನನ್ನು ಹೋಲಿಸಿಕೊಳ್ಳುವ ಅವಿವೇಕ ನನಗಿಲ್ಲ. ಅವನು ಹೆಸರನ್ನು ಮುಚ್ಚಿಟ್ಟು ಕೆಲಸವನ್ನು ಮುಂದುವರಿಸಿದ. ನಾನು ಹೆಸರಿನೊಂದಿಗೆ ಕೆಲಸವನ್ನೂ ಮುಚ್ಚಿಟ್ಟೆ. ವ್ಯತ್ಯಾಸ ಇಷ್ಟೇ, ಆದರೆ ಎಷ್ಟು ದೊಡ್ಡದು!

ಮರುದಿನ ಆ ಹುಡುಗನಿಗೆ ನಾನು ಕೊಟ್ಟ ಉತ್ತರ ಹೀಗಿತ್ತು. ಮುದ್ದಣನಿಗೆ ಅರಮನೆ ದೊರೆಯಲಿಲ್ಲ, ಬಿರುದು ದೊರೆಯಲಿಲ್ಲ, ತನ್ನ ಹೆಸರಿಗೆ ಸಲ್ಲಬೇಕಾದ ಹೊಗಳಿಕೆಯೂ ದೊರೆಯಲಿಲ್ಲ. ಇದು ಅನ್ಯಾಯವೇ, ಅದನ್ನು ಅಮರತ್ವದ ಮಾತಿನಿಂದ ಮುಚ್ಚಬಾರದು. ಆದರೆ ಕೇಳುವವರಿಲ್ಲವೆಂದು ಅವನು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಕೇಳುವವಳನ್ನು ತಾನೇ ಸೃಷ್ಟಿಸಿಕೊಂಡ. ಸುಮ್ಮನೆ ತಲೆದೂಗುವವಳನ್ನಲ್ಲ, ತಡೆದು ಕೇಳುವವಳನ್ನು, ತಪ್ಪು ಹಿಡಿಯುವವಳನ್ನು. ಬರೆಯುತ್ತಿದ್ದಷ್ಟು ಹೊತ್ತೂ ಅವನು ತಾನು ಬಯಸಿದ ಬಾಳನ್ನೇ ಬಾಳಿದ. ದೊರೆತದ್ದು ಅಷ್ಟು. ಅದು ಸಾಕೆ ಎಂದರೆ, ಸಾಕೆಂದು ನಾನು ಹೇಳಲಾರೆ, ಶೂನ್ಯವೆಂದೂ ಹೇಳಲಾರೆ.

ಹುಡುಗನಿಗೆ ಒಪ್ಪಿಗೆಯಾಯಿತೋ ಇಲ್ಲವೋ, ತಿಳಿಯದು. ಹೆಸರಿಲ್ಲದ ಆ ಹಾಳೆ ಯಾರದೆಂದು ನಾನು ವಿಚಾರಿಸಲಿಲ್ಲ. ಅದು ಇಂದಿಗೂ ನನ್ನ ಮೇಜಿನ ಖಾನೆಯಲ್ಲಿದೆ. ಈ ವರ್ಷ ಹಾಳೆಗಳನ್ನು ಹಂಚುವಾಗ ಮಾತ್ರ ಒಂದು ಮಾತನ್ನು ಹೊಸದಾಗಿ ಸೇರಿಸಿದೆ: ಏನು ಬೇಕಾದರೂ ಬರೆಯಿರಿ, ಆದರೆ ಮೊದಲು ಮೇಲೆ ನಿಮ್ಮ ಹೆಸರನ್ನು ಬರೆಯಿರಿ.