ಬಿಲ್ ಮಾಸ್ಟರ್‌ಟನ್

ವಿಲಿಯಂ ಮಾಸ್ಟರ್‌ಟನ್ (ಆಗಸ್ಟ್ ೧೩, ೧೯೩೮ – ಜನವರಿ ೧೫, ೧೯೬೮) ಕೆನಡಾ ಮೂಲದ ಐಸ್ ಹಾಕಿ ಆಟಗಾರ. ಬಿಲ್ ಮಾಸ್ಟರ್‌ಟನ್ ಎಂದೇ ಪ್ರಸಿದ್ಧರಾದ ಇವರು ಉತ್ತರ ಅಮೆರಿಕದ ನ್ಯಾಷನಲ್ ಹಾಕಿ ಲೀಗ್‌ನಲ್ಲಿ (ಎನ್‌ಎಚ್‌ಎಲ್) ಮಿನೆಸೋಟ ನಾರ್ತ್ ಸ್ಟಾರ್ಸ್ ತಂಡದ ಪರವಾಗಿ ಆಡಿದರು. ಪಂದ್ಯದಲ್ಲಿ ಆದ ಗಾಯವೇ ನೇರ ಕಾರಣವಾಗಿ ಮರಣ ಹೊಂದಿದ ಏಕೈಕ ಎನ್‌ಎಚ್‌ಎಲ್ ಆಟಗಾರರಿವರು. ಆ ಪಂದ್ಯದಲ್ಲಿ ಅವರು ಶಿರಸ್ತ್ರಾಣ ಧರಿಸಿರಲಿಲ್ಲ. ಐಸ್ ಹಾಕಿಯಲ್ಲಿ ಹೆಲ್ಮೆಟ್ ಬಳಕೆಗೆ ಬಂದ ಇತಿಹಾಸವನ್ನು ಹೇಳುವಾಗ ಇವರ ಹೆಸರನ್ನು ಬಿಟ್ಟು ಮುಂದೆ ಹೋಗಲು ಸಾಧ್ಯವಿಲ್ಲ.

ಕ್ರೀಡೆಯ ಹಿನ್ನೆಲೆ

ಕೊಡಗಿನ ಮೈದಾನಗಳಿಂದಾಗಿ ಕನ್ನಡಿಗರಿಗೆ ಪರಿಚಿತವಾಗಿರುವ ಹಾಕಿಗೂ ಐಸ್ ಹಾಕಿಗೂ ಬಹಳ ವ್ಯತ್ಯಾಸವಿದೆ. ಐಸ್ ಹಾಕಿಯನ್ನು ಮಂಜುಗಡ್ಡೆಯ ಅಂಕಣದ ಮೇಲೆ, ಉಕ್ಕಿನ ಅಲಗುಳ್ಳ ಪಾದರಕ್ಷೆಗಳನ್ನು ತೊಟ್ಟು ಆಡಲಾಗುತ್ತದೆ. ಚೆಂಡಿನ ಬದಲು ಪಕ್ ಎಂಬ ಗಟ್ಟಿ ರಬ್ಬರಿನ ಬಿಲ್ಲೆ ಇರುತ್ತದೆ. ಅದರ ವ್ಯಾಸ ೩ ಅಂಗುಲ, ದಪ್ಪ ೧ ಅಂಗುಲ, ತೂಕ ಸುಮಾರು ೧೭೦ ಗ್ರಾಂ. ನುರಿತ ಆಟಗಾರ ಹೊಡೆದ ಪಕ್ ಗಂಟೆಗೆ ೧೫೦ ಕಿ.ಮೀ.ಗಿಂತ ಹೆಚ್ಚಿನ ವೇಗದಲ್ಲಿ ಸಾಗಬಲ್ಲದು. ಎದುರಾಳಿಯನ್ನು ಮೈಯಿಂದ ಢಿಕ್ಕಿ ಹೊಡೆದು ತಡೆಯುವುದು ಈ ಆಟದಲ್ಲಿ ನಿಯಮಬದ್ಧವಾದ ಕ್ರಮ. ತುಂಗಭದ್ರೆಯ ದಡದ ಹರಿಹರದಲ್ಲಾಗಲಿ, ಪಕ್ಕದ ದಾವಣಗೆರೆಯಲ್ಲಾಗಲಿ ನೀರು ಹೆಪ್ಪುಗಟ್ಟುವಂಥ ಚಳಿ ಬೀಳುವುದಿಲ್ಲ. ಭಾರತದಲ್ಲಿ ಈ ಆಟ ಮುಖ್ಯವಾಗಿ ಲಡಾಖ್‌ನ ಚಳಿಗಾಲದ ಕೊಳಗಳ ಮೇಲೆ ಬೆಳೆದಿದೆ. ಕೆನಡಾದಲ್ಲಿಯಾದರೋ ಅದು ಜನಜೀವನದ ಅವಿಭಾಜ್ಯ ಅಂಗ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಮಾಸ್ಟರ್‌ಟನ್ ಕೆನಡಾದ ಮ್ಯಾನಿಟೋಬ ಪ್ರಾಂತ್ಯದ ವಿನಿಪೆಗ್ ನಗರದಲ್ಲಿ ಜನಿಸಿದರು. ಅಲ್ಲಿನ ದೀರ್ಘವಾದ ಹಿಮಗಾಲದಲ್ಲಿ ಎಳೆಯ ವಯಸ್ಸಿನಿಂದಲೇ ಸ್ಕೇಟಿಂಗ್ ಮತ್ತು ಹಾಕಿ ಅವರಿಗೆ ಒಲಿದವು. ಕಿರಿಯರ ವಿಭಾಗದಲ್ಲಿ ಸೇಂಟ್ ಬೋನಿಫೇಸ್ ಕೆನೇಡಿಯನ್ಸ್ ತಂಡಕ್ಕೆ ಆಡಿದ ಬಳಿಕ, ಉನ್ನತ ಶಿಕ್ಷಣಕ್ಕಾಗಿ ಅಮೆರಿಕದ ಕೊಲೊರಾಡೊ ರಾಜ್ಯದ ಡೆನ್ವರ್ ವಿಶ್ವವಿದ್ಯಾಲಯವನ್ನು ಸೇರಿದರು. ಆಟದ ಆಸೆಗೆ ಓದನ್ನು ಅರ್ಧಕ್ಕೆ ಬಿಡುವ ಆಟಗಾರರು ಸಾಮಾನ್ಯವಾಗಿದ್ದ ಕಾಲದಲ್ಲಿ ಅವರು ಎರಡನ್ನೂ ಜೊತೆಯಾಗಿಯೇ ನಡೆಸಿದರು.

ಡೆನ್ವರ್ ತಂಡ ೧೯೬೦ ಮತ್ತು ೧೯೬೧ರಲ್ಲಿ ಅಮೆರಿಕದ ಅಂತರ ವಿಶ್ವವಿದ್ಯಾಲಯ ಚಾಂಪಿಯನ್‌ಷಿಪ್ ಗೆದ್ದಾಗ ಮಾಸ್ಟರ್‌ಟನ್ ಆ ತಂಡದಲ್ಲಿದ್ದರು. ೧೯೬೧ರ ಪಂದ್ಯಾವಳಿಯ ಅತ್ಯುತ್ತಮ ಆಟಗಾರ ಎಂಬ ಗೌರವವೂ ಅವರಿಗೇ ಸಂದಿತು.

ವೃತ್ತಿಜೀವನದ ಆರಂಭ

ಪದವಿಯ ನಂತರ ಮಾಂಟ್ರಿಯಲ್ ಕೆನೇಡಿಯನ್ಸ್ ಸಂಸ್ಥೆ ಅವರೊಂದಿಗೆ ಒಪ್ಪಂದ ಮಾಡಿಕೊಂಡಿತು. ಆಗ ಎನ್‌ಎಚ್‌ಎಲ್‌ನಲ್ಲಿ ಇದ್ದುದು ಕೇವಲ ೬ ತಂಡಗಳು. ಅವುಗಳಲ್ಲೆಲ್ಲ ಬಲಿಷ್ಠವಾಗಿದ್ದ ಮಾಂಟ್ರಿಯಲ್‌ನಲ್ಲಿ ಹೊಸಬರಿಗೆ ಸ್ಥಾನ ಸಿಗುವುದು ದುರ್ಲಭವಾಗಿತ್ತು. ಮಾಸ್ಟರ್‌ಟನ್ ೧೯೬೧–೬೨ರಲ್ಲಿ ಹಲ್-ಒಟ್ಟಾವ ಕೆನೇಡಿಯನ್ಸ್, ೧೯೬೨–೬೩ರಲ್ಲಿ ಕ್ಲೀವ್‌ಲ್ಯಾಂಡ್ ಬ್ಯಾರನ್ಸ್ ಎಂಬ ಕೆಳಹಂತದ ತಂಡಗಳಲ್ಲಿ ಆಡಿದರು. ಉತ್ತಮವಾಗಿ ಆಡಿದರೂ ಮೇಲಿನ ಹಂತದಿಂದ ಕರೆ ಬರಲಿಲ್ಲ.

ಕೊನೆಗೆ ಅವರು ವೃತ್ತಿಪರ ಆಟವನ್ನು ತ್ಯಜಿಸಿ ಡೆನ್ವರ್‌ನಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಅನಂತರ ಮಿನಿಯಾಪೊಲಿಸ್‌ನಲ್ಲಿ ಹನಿವೆಲ್ ಕಂಪನಿಯ ಉದ್ಯೋಗಕ್ಕೆ ಸೇರಿದರು. ಅಮೆರಿಕದ ಪೌರತ್ವವನ್ನೂ ಸ್ವೀಕರಿಸಿದರು. ಗೃಹಸ್ಥರಾಗಿ ನೆಲೆನಿಂತ ಮೇಲೆಯೂ ಹವ್ಯಾಸಿಯಾಗಿ ಆಟವನ್ನು ಮುಂದುವರಿಸಿದ ಅವರು ೧೯೬೬–೬೭ರ ಋತುವಿನಲ್ಲಿ ಅಮೆರಿಕದ ರಾಷ್ಟ್ರೀಯ ತಂಡಕ್ಕೆ ಆಡಿದರು.

ಮಿನೆಸೋಟ ನಾರ್ತ್ ಸ್ಟಾರ್ಸ್

೧೯೬೭ರಲ್ಲಿ ಎನ್‌ಎಚ್‌ಎಲ್ ತನ್ನ ತಂಡಗಳ ಸಂಖ್ಯೆಯನ್ನು ೬ರಿಂದ ೧೨ಕ್ಕೆ ಏರಿಸಿತು. ವರ್ಷಗಳಿಂದ ಬಾಗಿಲಲ್ಲೇ ಕಾದು ನಿಂತಿದ್ದ ಅನೇಕ ಆಟಗಾರರಿಗೆ ಈ ವಿಸ್ತರಣೆ ವರವಾಯಿತು. ಹೊಸ ತಂಡಗಳಲ್ಲೊಂದಾದ ಮಿನೆಸೋಟ ನಾರ್ತ್ ಸ್ಟಾರ್ಸ್‌ನ ವ್ಯವಸ್ಥಾಪಕರೂ ತರಬೇತುದಾರರೂ ಆಗಿದ್ದ ರೆನ್ ಬ್ಲೇರ್ ಮಾಸ್ಟರ್‌ಟನ್ ಅವರನ್ನು ತಂಡಕ್ಕೆ ಸೇರಿಸಿಕೊಂಡರು. ತಂಡದೊಡನೆ ಒಪ್ಪಂದಕ್ಕೆ ಸಹಿ ಹಾಕಿದ ಮೊದಲ ಆಟಗಾರ ಮಾಸ್ಟರ್‌ಟನ್ ಅವರೇ. ೧೯೬೭ರ ಅಕ್ಟೋಬರ್ ೧೧ರಂದು ಸೇಂಟ್ ಲೂಯಿ ಬ್ಲೂಸ್ ವಿರುದ್ಧ ನಡೆದ ತಂಡದ ಚೊಚ್ಚಲ ಪಂದ್ಯದಲ್ಲಿ ಗೋಲು ಹೊಡೆದು, ತಂಡದ ಇತಿಹಾಸದ ಪ್ರಥಮ ಗೋಲಿನ ಕೀರ್ತಿಗೂ ಪಾತ್ರರಾದರು. ೨೯ನೆಯ ವಯಸ್ಸಿನಲ್ಲಿ, ಕೈಬಿಟ್ಟು ಹೋಗಿದ್ದ ಕನಸು ಹೀಗೆ ಕೈಗೂಡಿತು. ಎನ್‌ಎಚ್‌ಎಲ್‌ನಲ್ಲಿ ಅವರು ಆಡಿದ್ದು ೩೮ ಪಂದ್ಯಗಳನ್ನು ಮಾತ್ರ. ಅವುಗಳಲ್ಲಿ ೪ ಗೋಲು ಗಳಿಸಿ, ೮ ಗೋಲುಗಳಿಗೆ ನೆರವಾದರು.

ದುರ್ಘಟನೆ ಮತ್ತು ನಿಧನ

೧೯೬೮ರ ಜನವರಿ ೧೩ರಂದು ಬ್ಲೂಮಿಂಗ್ಟನ್ನಿನ ಮೆಟ್ರೊಪಾಲಿಟನ್ ಕ್ರೀಡಾಂಗಣದಲ್ಲಿ ನಾರ್ತ್ ಸ್ಟಾರ್ಸ್ ಮತ್ತು ಓಕ್ಲೆಂಡ್ ಸೀಲ್ಸ್ ತಂಡಗಳು ಎದುರಾದವು. ಪಂದ್ಯದ ಮೊದಲ ಅವಧಿಯಲ್ಲಿ ಮಾಸ್ಟರ್‌ಟನ್ ಪಕ್ಕನ್ನು ವೇಗವಾಗಿ ಮುನ್ನಡೆಸಿ ಸಹ ಆಟಗಾರನಿಗೆ ದಾಟಿಸಿದ ಕ್ಷಣದಲ್ಲೇ ಓಕ್ಲೆಂಡ್‌ನ ರಕ್ಷಣಾ ಆಟಗಾರರಾದ ಲ್ಯಾರಿ ಕೇಹನ್ ಮತ್ತು ರಾನ್ ಹ್ಯಾರಿಸ್ ಅವರಿಗೆ ಢಿಕ್ಕಿಯಾದರು. ಹಿಮ್ಮುಖವಾಗಿ ಬಿದ್ದ ಮಾಸ್ಟರ್‌ಟನ್‌ರ ತಲೆಯ ಹಿಂಭಾಗ ಮಂಜುಗಡ್ಡೆಗೆ ಬಲವಾಗಿ ಬಡಿಯಿತು. ಪ್ರಜ್ಞಾಹೀನರಾದ ಅವರನ್ನು ಆಸ್ಪತ್ರೆಗೆ ಸಾಗಿಸಲಾಯಿತು. ಮೆದುಳಿಗಾದ ಪೆಟ್ಟು ತೀವ್ರವಾಗಿದ್ದುದರಿಂದ ಶಸ್ತ್ರಚಿಕಿತ್ಸೆ ನಡೆಸುವ ಸ್ಥಿತಿಯೂ ಇರಲಿಲ್ಲ. ಸುಮಾರು ೩೦ ಗಂಟೆಗಳ ತರುವಾಯ, ಜನವರಿ ೧೫ರ ನಸುಕಿನಲ್ಲಿ ಅವರು ಕೊನೆಯುಸಿರೆಳೆದರು. ಪತ್ನಿ ಮತ್ತು ಇಬ್ಬರು ಚಿಕ್ಕ ಮಕ್ಕಳನ್ನು ಅಗಲಿದ ಅವರಿಗೆ ಆಗಿನ್ನೂ ಮೂವತ್ತು ತುಂಬಿರಲಿಲ್ಲ.

ಆ ಢಿಕ್ಕಿ ಆಟದ ನಿಯಮಗಳಿಗೆ ಒಳಪಟ್ಟದ್ದೇ ಆಗಿತ್ತು. ಅದಕ್ಕಾಗಿ ಯಾರಿಗೂ ದಂಡನೆ ವಿಧಿಸಲಿಲ್ಲ. ಈ ಸಂಗತಿಯೇ ಘಟನೆಯ ಗಾಂಭೀರ್ಯವನ್ನು ಹೆಚ್ಚಿಸಿತು. ಯಾರದೂ ದ್ವೇಷವಿಲ್ಲದೆ, ಯಾವ ನಿಯಮವೂ ಮುರಿಯದೆ, ದಿನನಿತ್ಯದ ಆಟದಲ್ಲೇ ಒಂದು ಜೀವ ಹೋಗಬಹುದೆಂಬುದು ಸಾಬೀತಾಗಿತ್ತು. ೨೦೧೧ರಲ್ಲಿ ಟೊರಾಂಟೊ ಸ್ಟಾರ್ ಪತ್ರಿಕೆ ವೈದ್ಯಕೀಯ ದಾಖಲೆಗಳ ಮರುಪರಿಶೀಲನೆ ನಡೆಸಿ, ಮಾಸ್ಟರ್‌ಟನ್‌ರಿಗೆ ಅದಕ್ಕೂ ಮೊದಲೇ ತಲೆಗೆ ಪೆಟ್ಟಾಗಿದ್ದು, ಅದು ಮಾಯುವ ಮುನ್ನವೇ ಎರಡನೆಯ ಪೆಟ್ಟು ಬಿದ್ದಿರುವ ಸಾಧ್ಯತೆಯನ್ನು ಪ್ರಕಟಿಸಿತು.

ಶಿರಸ್ತ್ರಾಣದ ವಿಕಾಸ

ಮಾಸ್ಟರ್‌ಟನ್‌ರ ಮರಣಕ್ಕೆ ಮುಂಚೆಯೂ ಹೆಲ್ಮೆಟ್ ಅಪರಿಚಿತವಾಗಿರಲಿಲ್ಲ. ೧೯೨೮–೨೯ರಲ್ಲಿ ಬಾಸ್ಟನ್ ಬ್ರೂಯಿನ್ಸ್‌ನ ಜಾರ್ಜ್ ಓವೆನ್ ಚರ್ಮದ ಶಿರಸ್ತ್ರಾಣ ಧರಿಸಿ ಆಡಿದ್ದರು. ೧೯೩೩ರ ಡಿಸೆಂಬರ್ ೧೨ರಂದು ಬಾಸ್ಟನ್‌ನ ಎಡ್ಡಿ ಶೋರ್ ಹಿಂದಿನಿಂದ ಉರುಳಿಸಿದಾಗ ಟೊರಾಂಟೊದ ಏಸ್ ಬೇಯ್ಲಿ ಅವರ ತಲೆಬುರುಡೆ ಬಿರಿಯಿತು. ಬೇಯ್ಲಿ ಬದುಕುಳಿದರೂ ಮತ್ತೆಂದೂ ಆಡಲಿಲ್ಲ. ಆ ಬಳಿಕ ಸ್ವತಃ ಶೋರ್ ಹೆಲ್ಮೆಟ್ ತೊಡಲಾರಂಭಿಸಿದರು. ಆದರೆ ಭೀತಿ ತಣ್ಣಗಾದಂತೆ ಅಭ್ಯಾಸವೂ ಮರೆಯಾಯಿತು. ತಲೆಗೆ ರಕ್ಷಣೆ ಬೇಡುವುದು ಅಂಜುಕುಳಿತನವೆಂಬ ಭಾವನೆ ಆಟಗಾರರಲ್ಲಿಯೂ ಪ್ರೇಕ್ಷಕರಲ್ಲಿಯೂ ಬೇರೂರಿತ್ತು.

ಗೋಲು ರಕ್ಷಕರ ಮುಖವಾಡದ ಕಥೆಯೂ ಇದೇ ಬಗೆಯದು. ೧೯೩೦ರಲ್ಲಿ ಕ್ಲಿಂಟ್ ಬೆನೆಡಿಕ್ಟ್ ಚರ್ಮದ ಮುಖವಾಡವನ್ನು ಅಲ್ಪಕಾಲ ಬಳಸಿದರು. ೧೯೫೯ರ ನವೆಂಬರ್ ೧ರಂದು ನ್ಯೂಯಾರ್ಕಿನಲ್ಲಿ ಆಂಡಿ ಬ್ಯಾತ್‌ಗೇಟ್ ಹೊಡೆದ ಪಕ್ ಮುಖಕ್ಕೆ ಬಡಿದು ಗಾಯವಾದ ಮೇಲೆ, ಮಾಂಟ್ರಿಯಲ್‌ನ ಜಾಕ್ ಪ್ಲಾಂಟ್ ಹೊಲಿಗೆ ಹಾಕಿಸಿಕೊಂಡು ಮುಖವಾಡ ಧರಿಸಿಯೇ ಅಂಕಣಕ್ಕೆ ಮರಳಿದರು. ಅನಂತರದ ಹದಿನೈದು ವರ್ಷಗಳೊಳಗೆ ಬರಿಮುಖದ ಗೋಲು ರಕ್ಷಕರು ಎನ್‌ಎಚ್‌ಎಲ್‌ನಿಂದ ಕಣ್ಮರೆಯಾದರು.

ಮಾಸ್ಟರ್‌ಟನ್‌ರ ಸಾವಿನ ನಂತರ ಹೆಲ್ಮೆಟ್ ಧರಿಸುವವರ ಸಂಖ್ಯೆ ಕ್ರಮೇಣ ಹೆಚ್ಚಿತು. ಶಿಕಾಗೊದ ಸ್ಟಾನ್ ಮಿಕಿಟಾ ಅವರಂಥ ಪ್ರಸಿದ್ಧರು ಅದನ್ನು ತೊಟ್ಟದ್ದರಿಂದ ಅಂಜುಕುಳಿತನದ ಆರೋಪಕ್ಕೆ ಬಲ ಉಳಿಯಲಿಲ್ಲ. ಆದರೂ ಕಡ್ಡಾಯದ ನಿಯಮ ಬರಲು ೧೧ ವರ್ಷಗಳೇ ಹಿಡಿದವು. ೧೯೭೯ರ ಆಗಸ್ಟ್‌ನಲ್ಲಿ ಎನ್‌ಎಚ್‌ಎಲ್ ಅಧ್ಯಕ್ಷ ಜಾನ್ ಝೀಗ್ಲರ್ ಈ ನಿಯಮವನ್ನು ಘೋಷಿಸಿದರು. ಅದೇ ವರ್ಷದ ಜೂನ್ ೧ಕ್ಕೆ ಮೊದಲು ಒಪ್ಪಂದ ಮಾಡಿಕೊಂಡಿದ್ದ ಆಟಗಾರರು ಹೊಣೆಮುಕ್ತಿ ಪತ್ರಕ್ಕೆ ಸಹಿ ಹಾಕಿ ಬರಿತಲೆಯಲ್ಲೇ ಆಡಬಹುದಾಗಿತ್ತು. ಹಾಗೆ ಆಡಿದವರಲ್ಲಿ ಕೊನೆಯವರಾದ ಕ್ರೇಗ್ ಮ್ಯಾಕ್‌ಟಾವಿಶ್ ೧೯೯೭ರಲ್ಲಿ ನಿವೃತ್ತರಾದರು. ಕಣ್ಣುಗಳನ್ನು ಕಾಯುವ ಪಾರದರ್ಶಕ ಮುಖಪಟ್ಟಿ ೨೦೧೩–೧೪ರ ಋತುವಿನಿಂದ ಹೊಸ ಆಟಗಾರರಿಗೆ ಕಡ್ಡಾಯವಾಯಿತು.

ರಚನೆ ಮತ್ತು ಮಿತಿ

ಆರಂಭದ ಶಿರಸ್ತ್ರಾಣಗಳು ಚರ್ಮದವು. ಮುಂದೆ ಗಟ್ಟಿ ಪ್ಲಾಸ್ಟಿಕ್ಕಿನ ಹೊರಕವಚ ಮತ್ತು ನೊರೆಪದರದ ಒಳಮೈ ರೂಢಿಗೆ ಬಂದವು. ಹೊರಕವಚ ಪೆಟ್ಟನ್ನು ವಿಶಾಲ ಜಾಗಕ್ಕೆ ಹರಡುತ್ತದೆ. ಒಳಪದರ ಕುಗ್ಗುತ್ತ, ತಲೆ ನಿಲುಗಡೆಗೆ ಬರುವ ಕಾಲವನ್ನು ಕೊಂಚ ಹಿಗ್ಗಿಸುತ್ತದೆ. ಇದರಿಂದ ತಲೆಬುರುಡೆಯ ಮೇಲೆ ಬೀಳುವ ಬಲ ತಗ್ಗುತ್ತದೆ. ಬುರುಡೆಯ ಬಿರುಕನ್ನು ತಡೆಯುವಲ್ಲಿ ಹೆಲ್ಮೆಟ್ ಸಮರ್ಥವಾದರೂ, ಬುರುಡೆಯೊಳಗೆ ಮೆದುಳು ಅಲುಗಿ ತಿರುಗುವುದನ್ನು ಅದು ಪೂರ್ತಿಯಾಗಿ ತಡೆಯಲಾರದು. ಆದ್ದರಿಂದಲೇ ತಲೆಗೆ ಗುರಿಯಿಟ್ಟು ಮಾಡುವ ಢಿಕ್ಕಿಗಳನ್ನು ನಿಷೇಧಿಸುವ ಮತ್ತು ಪೆಟ್ಟು ತಿಂದವರಿಗೆ ವಿಶ್ರಾಂತಿ ನೀಡುವ ನಿಯಮಗಳೂ ಅಗತ್ಯವಾದವು.

ಭಾರತದಲ್ಲಿ ಹೋಲಿಕೆಯ ಘಟನೆಗಳು

ಭಾರತದ ಕ್ರಿಕೆಟ್ಟಿನಲ್ಲಿಯೂ ಇಂಥ ಘಟನೆಗಳು ನಡೆದಿವೆ. ೧೯೬೨ರಲ್ಲಿ ಬಾರ್ಬಡೋಸ್‌ನಲ್ಲಿ ಚಾರ್ಲಿ ಗ್ರಿಫಿತ್ ಎಸೆದ ಚೆಂಡು ತಲೆಗೆ ಬಡಿದು ಭಾರತ ತಂಡದ ನಾಯಕ ನಾರಿ ಕಾಂಟ್ರಾಕ್ಟರ್ ಪ್ರಾಣಾಪಾಯಕ್ಕೆ ಸಿಲುಕಿದ್ದರು. ೧೯೯೮ರಲ್ಲಿ ಢಾಕಾದಲ್ಲಿ ಹೆಲ್ಮೆಟ್ ಇಲ್ಲದೆ ಬ್ಯಾಟ್ಸ್‌ಮನ್‌ಗೆ ಸಮೀಪ ನಿಂತು ಕ್ಷೇತ್ರರಕ್ಷಣೆ ಮಾಡುತ್ತಿದ್ದ ರಮಣ್ ಲಾಂಬಾ ಚೆಂಡಿನ ಪೆಟ್ಟಿನಿಂದ ನಿಧನರಾದರು.

ರಸ್ತೆಯಲ್ಲಿಯೂ ತರ್ಕ ಇದೇ. ದ್ವಿಚಕ್ರ ವಾಹನ ಸವಾರರಿಗೆ ಹೆಲ್ಮೆಟ್ಟನ್ನು ೧೯೮೮ರ ಮೋಟಾರು ವಾಹನ ಕಾಯ್ದೆಯ ೧೨೯ನೆಯ ಪ್ರಕರಣ ವಿಧಿಸುತ್ತದೆ. ೨೦೧೬ರಲ್ಲಿ ಕರ್ನಾಟಕವು ಹಿಂಬದಿ ಸವಾರರಿಗೂ ಅದನ್ನು ಕಡ್ಡಾಯಗೊಳಿಸಿತು. ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿರುವ ದಾವಣಗೆರೆ, ಹರಿಹರಗಳಂಥ ಊರುಗಳಲ್ಲಿ ಈ ನಿಯಮದ ಮಹತ್ವ ಸ್ವಯಂವೇದ್ಯ. ಡಾಂಬರು ರಸ್ತೆಯೂ ಮಂಜುಗಡ್ಡೆಯೂ ಬರಿತಲೆಗೆ ಒಂದೇ ಬಗೆಯಲ್ಲಿ ಕಠಿಣ.

ಸ್ಮರಣೆ

೧೯೬೮ರಲ್ಲಿಯೇ ಎನ್‌ಎಚ್‌ಎಲ್ ಬಿಲ್ ಮಾಸ್ಟರ್‌ಟನ್ ಸ್ಮಾರಕ ಟ್ರೋಫಿಯನ್ನು ಸ್ಥಾಪಿಸಿತು. ಛಲ, ಕ್ರೀಡಾಮನೋಭಾವ ಮತ್ತು ಆಟದ ಮೇಲಿನ ನಿಷ್ಠೆಯನ್ನು ಮೆರೆದ ಆಟಗಾರನನ್ನು ವೃತ್ತಿಪರ ಹಾಕಿ ಬರಹಗಾರರ ಸಂಘ ಪ್ರತಿವರ್ಷ ಇದಕ್ಕೆ ಆಯ್ಕೆ ಮಾಡುತ್ತದೆ. ಮೊದಲ ಬಾರಿಗೆ ಇದನ್ನು ಪಡೆದವರು ಮಾಂಟ್ರಿಯಲ್‌ನ ಕ್ಲಾಡ್ ಪ್ರೊವೋಸ್ಟ್. ಕ್ಯಾನ್ಸರ್ ಚಿಕಿತ್ಸೆಯ ನಡುವೆಯೂ ಆಟಕ್ಕೆ ಮರಳಿದ ಮಾರಿಯೊ ಲೆಮ್ಯೂ ೧೯೯೩ರಲ್ಲಿ ಇದಕ್ಕೆ ಭಾಜನರಾದರು.

ಮಾಸ್ಟರ್‌ಟನ್ ಧರಿಸುತ್ತಿದ್ದ ೧೯ನೆಯ ಅಂಕಿಯನ್ನು ನಾರ್ತ್ ಸ್ಟಾರ್ಸ್ ತಂಡ ೧೯೮೭ರಲ್ಲಿ ವಿಧ್ಯುಕ್ತವಾಗಿ ನಿವೃತ್ತಿಗೊಳಿಸಿತು. ೧೯೯೩ರಲ್ಲಿ ತಂಡವು ಟೆಕ್ಸಾಸ್‌ನ ಡಲ್ಲಾಸ್‌ಗೆ ಸ್ಥಳಾಂತರಗೊಂಡಿತು. ಮರುವರ್ಷ ಅವರು ಬಿದ್ದ ಕ್ರೀಡಾಂಗಣವನ್ನು ಕೆಡವಲಾಯಿತು. ಅವರ ಹೆಸರಿನ ಟ್ರೋಫಿಯನ್ನು ಇಂದಿಗೂ ಪ್ರತಿವರ್ಷ ನೀಡಲಾಗುತ್ತಿದೆ.