ತೇಲುವುದು ಸುಲಭ, ಏಳುವುದು ಕಷ್ಟ: ವಿಮಾನಕ್ಕೆ ಫ್ಲೋಟ್ ಕಟ್ಟಿದ ಗ್ಲೆನ್ ಕರ್ಟಿಸ್

ವಿಮಾನದ ಚಕ್ರ ಬಿಚ್ಚಿ, ಆ ಜಾಗದಲ್ಲಿ ಎರಡು ದೋಣಿ ಕಟ್ಟಿದರೆ ಸೀಪ್ಲೇನ್ ಸಿದ್ಧ ಎಂದುಕೊಳ್ಳುವವರು ಬಹಳ. ಮನೆಯ ಶೆಡ್ಡಿನಲ್ಲೇ ಪುಟ್ಟ ವಿಮಾನ ಕಟ್ಟುವ ಹವ್ಯಾಸಿಗಳ ವಿಡಿಯೊ ನೋಡಿದರಂತೂ ಹಾಗೇ ಅನಿಸುತ್ತದೆ. ನೀರಿನ ಮೇಲೆ ತೇಲಿತೆಂದರೆ ಅರ್ಧ ಕೆಲಸ ಮುಗಿಯಿತು, ಉಳಿದದ್ದನ್ನು ಎಂಜಿನ್ ನೋಡಿಕೊಳ್ಳುತ್ತದೆ, ಅಲ್ಲವೇ?

ಅಲ್ಲ. ಸಿದ್ದಾಪುರದ ಕಡೆಯಿಂದ ಲಾಲ್‌ಬಾಗಿನೊಳಗೆ ಹೋಗಿ, ಕೆರೆಯ ದಂಡೆಯಲ್ಲಿ ಸ್ವಲ್ಪ ಹೊತ್ತು ನಿಂತು ನೀರುಕಾಗೆಯನ್ನು ಗಮನಿಸಿ. ತೇಲುವಾಗ ಅದಕ್ಕೆ ಯಾವ ಶ್ರಮವೂ ಇಲ್ಲ. ಹಾರಬೇಕೆಂದಾಗ ಮಾತ್ರ ರೆಕ್ಕೆ ಬಡಿಯುತ್ತ, ಕಾಲಿನಿಂದ ನೀರನ್ನು ಒದೆಯುತ್ತ ಅಷ್ಟು ದೂರ ಒದ್ದಾಡಿ ಆಮೇಲೆ ಮೇಲೇಳುತ್ತದೆ. ನೀರು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಈ ಸತ್ಯವನ್ನು ಒಂದೊಂದೇ ಸೋಲಿನಿಂದ ಕಲಿತು ವಿಮಾನಕ್ಕೆ ಅಳವಡಿಸಿದವರಲ್ಲಿ ಮುಖ್ಯನಾದವನು ಅಮೆರಿಕದ ಗ್ಲೆನ್ ಕರ್ಟಿಸ್. ಮುಂದೆ ಅವನ ಹೆಸರಿಗೆ ಕಳಂಕ ತಂದ ಪ್ರಕರಣದಲ್ಲೂ ಇದೇ ಫ್ಲೋಟುಗಳಿದ್ದವು.

ಸೈಕಲ್ ಅಂಗಡಿಯ ಹುಡುಗ

ಕರ್ಟಿಸ್ ಹುಟ್ಟಿದ್ದು 1878ರ ಮೇ 21ರಂದು, ನ್ಯೂಯಾರ್ಕ್ ರಾಜ್ಯದ ಹ್ಯಾಮಂಡ್ಸ್‌ಪೋರ್ಟ್ ಎಂಬ ಸಣ್ಣ ಊರಿನಲ್ಲಿ. ಕ್ಯೂಕಾ ಎಂಬ ಸರೋವರ ಊರಿಗೆ ತಾಗಿಕೊಂಡೇ ಇತ್ತು. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ತಂಗಿ ಕಾಯಿಲೆಯಿಂದ ಕಿವುಡಿಯಾದಳು. ಶಾಲೆಯ ಓದು ಎಂಟನೆಯ ತರಗತಿಗೇ ನಿಂತಿತು. ಫೋಟೊ ಸಾಮಗ್ರಿ ತಯಾರಿಸುವ ಈಸ್ಟ್‌ಮನ್ ಕಂಪನಿಯಲ್ಲಿ ದುಡಿದ, ಸೈಕಲ್ ಮೇಲೆ ಟೆಲಿಗ್ರಾಂ ಹಂಚಿದ, ರೇಸ್‌ಗಳಲ್ಲಿ ಸೈಕಲ್ ಓಡಿಸಿದ, ಕೊನೆಗೆ ಊರಿನಲ್ಲೇ ಸೈಕಲ್ ಅಂಗಡಿ ಇಟ್ಟ.

ಸೈಕಲ್ಲಿಗೆ ಎಂಜಿನ್ ಜೋಡಿಸುವ ಗೀಳು ಹತ್ತಿದ್ದು ಅಲ್ಲೇ. 1907ರ ಜನವರಿಯಲ್ಲಿ ಫ್ಲಾರಿಡಾದ ಕಡಲ ತೀರದಲ್ಲಿ, ತಾನೇ ಮಾಡಿದ 8 ಸಿಲಿಂಡರಿನ ಮೋಟರ್‌ಸೈಕಲನ್ನು ಗಂಟೆಗೆ ಸುಮಾರು 219 ಕಿ.ಮೀ. ವೇಗದಲ್ಲಿ ಓಡಿಸಿದ. ಹಗುರವಾದ, ಬಲವಾದ ಎಂಜಿನ್ ಬೇಕಾದವರೆಲ್ಲ ಅವನನ್ನು ಹುಡುಕಿಕೊಂಡು ಬರತೊಡಗಿದರು. ಅವರಲ್ಲಿ ಟೆಲಿಫೋನಿನಿಂದ ಹೆಸರಾದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಒಬ್ಬ. ಬೆಲ್ ಕಟ್ಟಿದ ಐವರ ತಂಡದಲ್ಲಿ ಸೇರಿದ ಕರ್ಟಿಸ್, 1908ರ ಜುಲೈ 4ರಂದು ‘ಜೂನ್ ಬಗ್’ ಎಂಬ ವಿಮಾನವನ್ನು, ಮೊದಲೇ ಪ್ರಕಟಿಸಿದ ದಿನದಂದು, ಜನರ ಕಣ್ಣೆದುರೇ 1 ಕಿ.ಮೀ.ಗಿಂತ ಹೆಚ್ಚು ದೂರ ಹಾರಿಸಿ ಬಹುಮಾನ ಗೆದ್ದ.

ಮೇಲೇಳದ ವಿಮಾನ

ಆಗಿನ ಕಾಲಕ್ಕೆ ವಿಮಾನ ನಿಲ್ದಾಣಗಳಿರಲಿಲ್ಲ. ಸಮತಟ್ಟಾದ ಮೈದಾನ ಸಿಗುವುದೇ ಕಷ್ಟ. ಕೆರೆ, ನದಿ, ಕೊಲ್ಲಿಗಳಾದರೋ ಎಲ್ಲೆಲ್ಲೂ ಇದ್ದವು. ನೀರನ್ನೇ ರನ್‌ವೇ ಮಾಡಿಕೊಂಡರೆ ಹೇಗೆ? ಅದೇ ವರ್ಷದ ನವೆಂಬರಿನಲ್ಲಿ ತಂಡದವರು ಜೂನ್ ಬಗ್‌ನ ಚಕ್ರ ತೆಗೆದು, ಉದ್ದನೆಯ ದೋಣಿಯಂಥ ಎರಡು ಫ್ಲೋಟ್ ಕಟ್ಟಿ, ‘ಲೂನ್’ ಎಂದು ಹೊಸ ಹೆಸರಿಟ್ಟು ಕ್ಯೂಕಾ ಸರೋವರಕ್ಕೆ ಇಳಿಸಿದರು.

ಲೂನ್ ಚೆನ್ನಾಗಿಯೇ ತೇಲಿತು, ನೀರು ಸೀಳಿಕೊಂಡು ಓಡಿತು ಕೂಡ. ಆದರೆ ಏಳಲಿಲ್ಲ. ಅದೇ ರೆಕ್ಕೆ, ಅದೇ ಎಂಜಿನ್. ನೆಲದಿಂದ ಹಾರಿದ್ದ ವಿಮಾನ ನೀರಿಗೆ ಅಂಟಿಕೊಂಡಂತೆ ಕೂತುಬಿಟ್ಟಿತು. ಮುಂದಿನ ಜನವರಿಯಲ್ಲಿ ಮತ್ತೆ ಪ್ರಯತ್ನಿಸಿದಾಗ ಫ್ಲೋಟಿನೊಳಗೆ ನೀರು ಹೊಕ್ಕು ಮುಳುಗಿಯೂ ಹೋಯಿತು.

ನೀರು ಏಕೆ ಬಿಡುವುದಿಲ್ಲ?

ಕಾರಣಗಳು ಎರಡು. ಮೊದಲನೆಯದು ಸಾಂದ್ರತೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ನಿಧಾನವಾಗಿ ಹೋಗುವಾಗ ಫ್ಲೋಟ್ ನೀರಿನಲ್ಲಿ ಮುಳುಗಿದ್ದು, ಮುಂದಿನ ನೀರನ್ನೆಲ್ಲ ತಳ್ಳುತ್ತ ಸಾಗುತ್ತದೆ. ತನ್ನೆದುರು ತಾನೇ ಎಬ್ಬಿಸಿದ ಅಲೆಯ ದಿಬ್ಬವನ್ನು ಹತ್ತಿದರೆ ಮಾತ್ರ ಅದು ನೀರಿನ ಮೇಲ್ಮೈ ಮೇಲೆ ಜಾರತೊಡಗುತ್ತದೆ. ನಾವು ಕೆರೆಗೆ ಓರೆಯಾಗಿ ಬೀಸಿದ ಚಪ್ಪಟೆ ಕಲ್ಲು ಕುಪ್ಪಳಿಸುತ್ತ ಹೋಗುತ್ತದಲ್ಲ, ಹಾಗೆ. ಈ ದಿಬ್ಬ ದಾಟುವಷ್ಟು ಶಕ್ತಿ ಇಲ್ಲದಿದ್ದರೆ ವಿಮಾನ ಕೆಟ್ಟ ದೋಣಿಯಾಗಿ ಉಳಿಯುತ್ತದೆ.

ಎರಡನೆಯದು ಅಂಟು. ಮನೆಯ ನಲ್ಲಿಯನ್ನು ಸಣ್ಣದಾಗಿ ತಿರುಗಿಸಿ, ಚಮಚವನ್ನು ತುದಿಯಲ್ಲಿ ಸಡಿಲವಾಗಿ ಹಿಡಿದು, ಅದರ ಉಬ್ಬಿದ ಬೆನ್ನನ್ನು ನೀರಿನ ಧಾರೆಗೆ ತಾಗಿಸಿ. ನೀರು ಚಮಚವನ್ನು ದೂರ ತಳ್ಳುತ್ತದೆ ಎಂದುಕೊಂಡಿರುತ್ತೀರಿ. ಅದು ಒಳಕ್ಕೆ ಎಳೆದುಕೊಳ್ಳುತ್ತದೆ. ಹರಿಯುವ ನೀರು ಬಾಗಿದ ಮೈಯನ್ನು ಅನುಸರಿಸಿ ತಿರುಗುತ್ತದೆ. ಅಲ್ಲಿ ಒತ್ತಡ ಕಡಿಮೆಯಾಗಿ ಸೆಳೆತ ಹುಟ್ಟುತ್ತದೆ. ದೋಣಿಯಂತೆ ಹಿಂದಕ್ಕೆ ಬಾಗಿ ಮೇಲೇರುವ ತಳವಿದ್ದರೆ ಫ್ಲೋಟಿಗೂ ಇದೇ ಗತಿ. ವೇಗ ಹೆಚ್ಚಿದಂತೆ ಎಳೆತವೂ ಹೆಚ್ಚುತ್ತದೆ.

ಸ್ಯಾನ್ ಡಿಯಾಗೊದ ಬೆಳಗು, ಕ್ಯೂಕಾದ ಮೆಟ್ಟಿಲು

ನೀರಿನಿಂದ ಮೊದಲು ಹಾರಿದವನು ಕರ್ಟಿಸ್ ಎಂದು ಕೆಲವೆಡೆ ಬರೆದಿರುತ್ತಾರೆ. ಅದು ತಪ್ಪು. ಆ ಶ್ರೇಯ ಫ್ರಾನ್ಸಿನ ಆನ್ರಿ ಫಾಬ್ರ್‌ಗೆ ಸೇರಬೇಕು. ಅವನು 1910ರ ಮಾರ್ಚ್ 28ರಂದೇ ಫ್ಲೋಟ್ ಕಟ್ಟಿದ ವಿಮಾನವನ್ನು ನೀರಿನಿಂದ ಎಬ್ಬಿಸಿದ್ದ. ಕರ್ಟಿಸ್ ಗೆದ್ದದ್ದು 1911ರ ಜನವರಿ 26ರಂದು, ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ಕೊಲ್ಲಿಯಲ್ಲಿ. ಈ ಸಲ ದೋಣಿಯ ಆಕಾರವನ್ನು ಕೈಬಿಟ್ಟು, ಚಪ್ಪಟೆ ತಳದ ಫ್ಲೋಟುಗಳನ್ನು ವಿಮಾನದ ನಡುಗೆರೆಯಲ್ಲಿ ಒಂದರ ಹಿಂದೆ ಒಂದು ಇರಿಸಿದ್ದ. ಕೆಲವೇ ದಿನಗಳಲ್ಲಿ ಅವನ್ನೂ ತೆಗೆದು, ಸುಮಾರು 12 ಅಡಿ ಉದ್ದದ ಒಂದೇ ಫ್ಲೋಟ್ ಹಾಕಿದ. ಫೆಬ್ರವರಿಯಲ್ಲಿ ಯುದ್ಧನೌಕೆಯೊಂದರ ಪಕ್ಕಕ್ಕೆ ಹಾರಿಹೋಗಿ, ಕ್ರೇನಿನಿಂದ ಹಡಗಿನ ಮೇಲಕ್ಕೆ ಎತ್ತಿಸಿಕೊಂಡು, ಮತ್ತೆ ನೀರಿಗಿಳಿದು ವಾಪಸಾದ. ಅಮೆರಿಕದ ನೌಕಾಪಡೆ ಕೊಂಡ ಮೊದಲ ವಿಮಾನ ಅವನದೇ.

ಮುಂದಿನ ಹೆಜ್ಜೆ ಇನ್ನೂ ದೊಡ್ಡದು: ವಿಮಾನದ ಒಡಲನ್ನೇ ದೋಣಿ ಮಾಡುವುದು. 1912ರಲ್ಲಿ ಕ್ಯೂಕಾ ಸರೋವರಕ್ಕೆ ಇಳಿದ ಈ ಹಾರುವ ದೋಣಿ ಮತ್ತೆ ಲೂನ್‌ನ ಹಾದಿಯನ್ನೇ ಹಿಡಿಯಿತು. ಓಡಿತು, ಏಳಲಿಲ್ಲ. ಕರ್ಟಿಸ್ ಇನ್ನೊಂದು ದೋಣಿಯಲ್ಲಿ ಅದರ ಪಕ್ಕದಲ್ಲೇ ಸಾಗುತ್ತ, ತಳದ ಹಿಂಭಾಗವನ್ನು ನೀರು ಹೇಗೆ ಅಪ್ಪಿಕೊಂಡಿದೆ ಎಂದು ನೋಡಿದ. ಅನಂತರ ಮಾಡಿದ ಕೆಲಸ ಬಡಗಿಯದು. ಮರದ ತುಂಡುಗಳನ್ನು ತಳಕ್ಕೆ ಜೋಡಿಸಿ, ನಡುವೆ ಥಟ್ಟನೆ ಮುಗಿಯುವ ಒಂದು ಮೆಟ್ಟಿಲು ಮಾಡಿದ.

ಮೆಟ್ಟಿಲಿನ ಚೂಪು ಅಂಚಿಗೆ ಬಂದ ನೀರು ಅಷ್ಟು ಬಿರುಸಾಗಿ ತಿರುಗಲಾರದೆ ಕಳಚಿಕೊಳ್ಳುತ್ತದೆ. ಆ ಎಡೆಗೆ ಗಾಳಿ ನುಗ್ಗುತ್ತದೆ. ಹಿಂಭಾಗದ ಸೆಳೆತ ತಪ್ಪುತ್ತದೆ. ವಿಮಾನ ಮೂತಿ ಎತ್ತಲು ಬಾಲದ ಕೆಳಗೆ ಜಾಗವೂ ಸಿಗುತ್ತದೆ. ವೇಗದ ದೋಣಿಗಳಲ್ಲಿ ಮೆಟ್ಟಿಲಿನ ಉಪಾಯ ಮೊದಲೇ ಇತ್ತು. ಹಾರುವ ದೋಣಿ ಅದರಿಂದಾಗಿಯೇ ಹಾರಿತು. 1919ರ ಮೇನಲ್ಲಿ, ದಾರಿಯಲ್ಲಿ ಅಲ್ಲಲ್ಲಿ ನಿಲ್ಲುತ್ತ, ಮೊದಲ ಬಾರಿಗೆ ಅಟ್ಲಾಂಟಿಕ್ ಸಾಗರ ದಾಟಿದ ವಿಮಾನ ಎನ್‌ಸಿ-4 ಕೂಡ ಕರ್ಟಿಸ್ ಕಂಪನಿಯಲ್ಲಿ ತಯಾರಾದ ಹಾರುವ ದೋಣಿಯೇ.

ಫ್ಲೋಟ್ ಕಟ್ಟಿದರೆ ಅದೇ ವಿಮಾನವೇ?

ಕರ್ಟಿಸ್‌ನ ಬದುಕಿನ ಇನ್ನೊಂದು ಫ್ಲೋಟ್ ಪ್ರಸಂಗ ಅಷ್ಟು ಹೆಮ್ಮೆಯದಲ್ಲ. ಸ್ಮಿತ್ಸೋನಿಯನ್ ಸಂಸ್ಥೆಯ ಮುಖ್ಯಸ್ಥನಾಗಿದ್ದ ಸ್ಯಾಮ್ಯುಯೆಲ್ ಲ್ಯಾಂಗ್ಲಿ 1903ರಲ್ಲಿ ಕಟ್ಟಿಸಿದ್ದ ‘ಏರೋಡ್ರೋಮ್’ ಎರಡು ಸಲವೂ ನದಿಗೆ ಬಿದ್ದಿತ್ತು. ಎರಡನೆಯ ಸಲ ಬಿದ್ದ 9 ದಿನಗಳಿಗೆ ರೈಟ್ ಸಹೋದರರು ಹಾರಿದರು. 1914ರಲ್ಲಿ, ಪೇಟೆಂಟ್ ಮೊಕದ್ದಮೆಯಲ್ಲಿ ರೈಟ್ ಪಕ್ಷದ ಎದುರು ಸೋತಿದ್ದ ಕರ್ಟಿಸ್‌ಗೆ ಸ್ಮಿತ್ಸೋನಿಯನ್ ಆ ಹಳೆಯ ವಿಮಾನವನ್ನು ಕೊಟ್ಟು, ಹಾರಿಸಿ ನೋಡಲು 2000 ಡಾಲರ್ ಕೊಟ್ಟಿತು. ರೈಟ್ ಸಹೋದರರಿಗಿಂತ ಮೊದಲೇ ಹಾರಬಲ್ಲ ವಿಮಾನ ಇತ್ತೆಂದು ತೋರಿಸಿದರೆ ಇಬ್ಬರಿಗೂ ಲಾಭ.

ಕರ್ಟಿಸ್ ಅದಕ್ಕೆ ಫ್ಲೋಟ್ ಕಟ್ಟಿದ. ಮೇ 28ರಂದು ಅದು ಕ್ಯೂಕಾ ಸರೋವರದಿಂದ ಎದ್ದು ಸುಮಾರು 45 ಮೀಟರ್ ಹಾರಿತು. ಫ್ಲೋಟುಗಳಿಂದ ತೂಕ 300 ಪೌಂಡಿಗೂ ಹೆಚ್ಚು ಏರಿದೆ, ಆದರೂ ಹಾರಿದೆ ಎಂದರೆ ಮೂಲ ವಿಮಾನ ಹಾರಬಲ್ಲದ್ದೇ ಆಗಿತ್ತು ಎಂಬುದು ಅವರ ವಾದ. ಕೇಳಲು ಸರಿಯೆನಿಸುತ್ತದೆ. ಆದರೆ ಫ್ಲೋಟ್ ಬರೀ ಹೊರೆಯಲ್ಲ. ಅದನ್ನು ಹಿಡಿದಿಡುವ ಊರುಗಂಬಗಳು ವಿಮಾನದ ಚೌಕಟ್ಟಿನಲ್ಲಿ ಭಾರ ಹಂಚಿಕೆಯಾಗುವ ಬಗೆಯನ್ನೇ ಬದಲಿಸುತ್ತವೆ. ಅದಲ್ಲದೆ ರೆಕ್ಕೆಯ ಬಾಗು, ಬಿಗಿತಂತಿಗಳನ್ನೂ ಬದಲಿಸಲಾಗಿತ್ತು. ಹಾರಿದ್ದು 1903ರ ವಿಮಾನವಾಗಿ ಉಳಿದಿರಲಿಲ್ಲ. ಇಷ್ಟಾದರೂ ಸ್ಮಿತ್ಸೋನಿಯನ್ ಅದನ್ನು ಹಾರಬಲ್ಲ ಮೊದಲ ವಿಮಾನವೆಂದೇ ಪ್ರದರ್ಶನಕ್ಕಿಟ್ಟಿತು. ನೊಂದ ಆರ್ವಿಲ್ ರೈಟ್ 1928ರಲ್ಲಿ ತಮ್ಮ ಮೂಲ ವಿಮಾನವನ್ನು ಲಂಡನ್ನಿನ ವಿಜ್ಞಾನ ಸಂಗ್ರಹಾಲಯಕ್ಕೆ ಕಳುಹಿಸಿಬಿಟ್ಟ. ಸ್ಮಿತ್ಸೋನಿಯನ್ ಬದಲಾವಣೆಗಳ ಪಟ್ಟಿ ಪ್ರಕಟಿಸಿ ಹಿಂದೆ ಸರಿದದ್ದು 1942ರಲ್ಲಿ. ಕರ್ಟಿಸ್ ಅಷ್ಟರಲ್ಲಿ ಇರಲಿಲ್ಲ. ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯ ನಂತರದ ತೊಂದರೆಯಿಂದ 1930ರ ಜುಲೈ 23ರಂದು, 52ನೆಯ ವಯಸ್ಸಿಗೇ ತೀರಿಕೊಂಡಿದ್ದ.

ಬೆಂಗಳೂರಿಗೂ ಬಂದ ಮೆಟ್ಟಿಲು

ಕರ್ಟಿಸ್ ಮತ್ತು ರೈಟ್ ಹೆಸರಿನ ಕಂಪನಿಗಳು 1929ರಲ್ಲಿ ಒಂದಾಗಿದ್ದವು. ಆ ಕರ್ಟಿಸ್-ರೈಟ್ ಕಂಪನಿಯ ‘ಹಾಕ್’ ಯುದ್ಧವಿಮಾನವನ್ನು 1942ರಲ್ಲಿ ಬೆಂಗಳೂರಿನಲ್ಲೇ ಜೋಡಿಸಿ ಹಾರಿಸಲಾಯಿತು. ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆಗೂಡಿ 1940ರಲ್ಲಿ ಆರಂಭಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಕ್ಯಾಟಲಿನಾ ಎಂಬ ಹಾರುವ ದೋಣಿಗಳು ದುರಸ್ತಿಗೆ ಇದೇ ಕಾರ್ಖಾನೆಗೆ ಬರುತ್ತಿದ್ದವು. ಸೀಪ್ಲೇನುಗಳು ಇಳಿಯುತ್ತಿದ್ದುದು ಬೆಳ್ಳಂದೂರು ಕೆರೆಯಲ್ಲಿ. ಕ್ಯಾಟಲಿನಾವನ್ನು ತಯಾರಿಸಿದ್ದು ಬೇರೆ ಕಂಪನಿ, ಆದರೆ ಅದರ ತಳದಲ್ಲೂ ಮೆಟ್ಟಿಲಿತ್ತು.

ಇಂದು ಮನೆಯಲ್ಲಿ ವಿಮಾನ ಕಟ್ಟುವವರಿಗೂ ಲೆಕ್ಕ ಅಲ್ಲಿಂದಲೇ ಶುರು. ಅಮೆರಿಕದ ನಿಯಮಗಳಲ್ಲಿ ಬಹುಕಾಲದಿಂದ ಬಂದ ಸೂತ್ರದಂತೆ, ಫ್ಲೋಟುಗಳು ವಿಮಾನದ ಪೂರ್ತಿ ತೂಕಕ್ಕಿಂತ ಶೇ. 80ರಷ್ಟು ಹೆಚ್ಚು ಭಾರವನ್ನು ತೇಲಿಸಬೇಕು. ಫ್ಲೋಟೂ ಸೇರಿ 600 ಕೆ.ಜಿ. ತೂಗುವ ವಿಮಾನಕ್ಕೆ 1080 ಲೀಟರ್, ಅಂದರೆ ಒಂದೊಂದು ಫ್ಲೋಟಿಗೆ 540 ಲೀಟರ್ ಗಾತ್ರ. ಒಂದು ಕಡೆ ತೂತಾದರೂ ಮುಳುಗದಂತೆ ಒಳಗೆ ನೀರು ನುಗ್ಗದ ಕನಿಷ್ಠ 4 ಕೋಣೆಗಳಿರಬೇಕು. ಮೆಟ್ಟಿಲು ವಿಮಾನದ ಭಾರಕೇಂದ್ರಕ್ಕಿಂತ ತುಸು ಹಿಂದಿರಬೇಕು. ಜಾಗ ತಪ್ಪಿದರೆ ವಿಮಾನ ಮೂತಿ ಎತ್ತಲು ಒಪ್ಪುವುದಿಲ್ಲ, ಇಲ್ಲವೇ ಕುಪ್ಪಳಿಸತೊಡಗುತ್ತದೆ. ಬೆಂಗಳೂರಿನಂತೆ ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಊರಿನಲ್ಲಿ ಗಾಳಿ ಸುಮಾರು ಶೇ. 8ರಷ್ಟು ತೆಳು, ಏಳಲು ಬೇಕಾದ ವೇಗ ಹೆಚ್ಚು, ಎಂಜಿನ್ನಿನ ಬಲ ಕಡಿಮೆ. ನಮ್ಮಲ್ಲಿ ಡಿಜಿಸಿಎ ಅನುಮತಿಯಿಲ್ಲದೆ ಇಂಥದನ್ನು ಹಾರಿಸುವಂತೆಯೂ ಇಲ್ಲ.

ಹಾಗಾಗಿ ಚಕ್ರ ತೆಗೆದು ಫ್ಲೋಟ್ ಹಾಕುವುದು ಕಾರಿನ ಟಯರ್ ಬದಲಿಸಿದಂತಲ್ಲ. ತೂಕ, ಭಾರಕೇಂದ್ರ, ಚೌಕಟ್ಟಿನ ಬಲ ಎಲ್ಲವನ್ನೂ ಹೊಸ ವಿಮಾನಕ್ಕೆ ಮಾಡಿದಂತೆ ಮೊದಲಿನಿಂದ ಲೆಕ್ಕ ಹಾಕಬೇಕು. 1908ರಲ್ಲಿ ಕ್ಯೂಕಾ ಸರೋವರ ಇದನ್ನು ಕರ್ಟಿಸ್‌ಗೆ ಕಲಿಸಿತ್ತು. 1914ರಲ್ಲಿ ಅದೇ ಸರೋವರದಲ್ಲಿ ಅವನು ಇದನ್ನು ಬದಿಗಿಟ್ಟ.