ಕೆ. ಶೇಷಾದ್ರಿ ಅಯ್ಯರ್

ಸರ್ ಕುಮಾರಪುರಂ ಶೇಷಾದ್ರಿ ಅಯ್ಯರ್ (ಜೂನ್ 1, 1845 – ಸೆಪ್ಟೆಂಬರ್ 13, 1901) ಅವರು 1883ರಿಂದ 1901ರವರೆಗೆ ಮೈಸೂರು ಸಂಸ್ಥಾನದ ದಿವಾನರಾಗಿದ್ದರು. ಶಿವನಸಮುದ್ರದ ಜಲವಿದ್ಯುತ್ ಯೋಜನೆ ರೂಪುಗೊಂಡದ್ದು ಅವರ ಆಡಳಿತದಲ್ಲಿ.

ಆರಂಭಿಕ ಜೀವನ

ಶೇಷಾದ್ರಿ ಅಯ್ಯರ್ ಪಾಲಕ್ಕಾಡ್ ಸಮೀಪದ ಕುಮಾರಪುರಂನಲ್ಲಿ ಜನಿಸಿದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, 1868ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಸೇರಿದರು. ದಿವಾನ್ ರಂಗಾಚಾರ್ಲು ಅವರ ನಿಧನಾನಂತರ 1883ರಲ್ಲಿ ಆ ಸ್ಥಾನಕ್ಕೆ ನೇಮಕಗೊಂಡರು.

ದಿವಾನಗಿರಿ

ಅವರ ಅಧಿಕಾರಾವಧಿಯಲ್ಲಿ ಬೆಂಗಳೂರಿನಿಂದ ಅರಸೀಕೆರೆಯ ಮೂಲಕ ಹರಿಹರಕ್ಕೆ ಹೋಗುವ ರೈಲುಮಾರ್ಗವು 1889ರಲ್ಲಿ ಪೂರ್ಣಗೊಂಡಿತು. ಬೇಲೂರು, ಹಳೇಬೀಡು, ಅರಸೀಕೆರೆಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರ ನೇತೃತ್ವದಲ್ಲಿ ಸಂಗ್ರಹಿಸಿದ್ದೂ ಈ ಕಾಲದಲ್ಲೇ.

ಶಿವನಸಮುದ್ರ ಯೋಜನೆ

ಕಾವೇರಿಯ ಜಲಪಾತದಿಂದ ವಿದ್ಯುತ್ ಉತ್ಪಾದಿಸಿ, ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗಳಿಗೆ ಸಾಗಿಸುವ ಪ್ರಸ್ತಾವವನ್ನು ಎಂಜಿನಿಯರ್ ಎ. ಸಿ. ಜೋಲಿ ಡಿ ಲಾಟ್ಬಿನಿಯರ್ ಮುಂದಿಟ್ಟರು. ಅಷ್ಟು ದೂರದ ವಿದ್ಯುತ್ ಪ್ರಸರಣ ಆಗ ಜಗತ್ತಿನಲ್ಲೇ ಅಪರೂಪವಾಗಿತ್ತು. ಯೋಜನೆ ವಿಫಲವಾದರೆ ಸಂಸ್ಥಾನದ ಬೊಕ್ಕಸಕ್ಕೆ ದೊಡ್ಡ ನಷ್ಟವಾಗುತ್ತಿತ್ತು. ಗಣಿಗಳು ವಿದ್ಯುತ್ತನ್ನು ಖರೀದಿಸುವ ಒಪ್ಪಂದವು ಈ ಅಪಾಯವನ್ನು ತಗ್ಗಿಸಿತು. ಶೇಷಾದ್ರಿ ಅಯ್ಯರ್ ಯೋಜನೆಯನ್ನು ಬೆಂಬಲಿಸಿದರು.

ಅನಾರೋಗ್ಯದ ಕಾರಣ 1901ರಲ್ಲಿ ಅವರು ಪದವಿಯಿಂದ ನಿವೃತ್ತರಾಗಿ, ಅದೇ ವರ್ಷ ನಿಧನರಾದರು. 1902ರ ಜೂನ್‌ನಲ್ಲಿ ಗಣಿಗಳಿಗೆ ವಿದ್ಯುತ್ ಹರಿದುದನ್ನು ಅವರು ಕಾಣಲಿಲ್ಲ. 1905ರಲ್ಲಿ ಬೆಂಗಳೂರಿಗೂ ಅಲ್ಲಿಂದಲೇ ವಿದ್ಯುತ್ ದೊರೆಯಿತು.

ನಂತರದ ಪರಿಣಾಮ

ಈ ಕೇಂದ್ರವು ನದಿಯ ಹರಿವನ್ನೇ ಅವಲಂಬಿಸಿತ್ತು. ಬೇಸಿಗೆಯಲ್ಲಿ ಹರಿವು ಕುಗ್ಗಿದರೂ ಗಣಿಗಳ ಬೇಡಿಕೆ ಕುಗ್ಗುತ್ತಿರಲಿಲ್ಲ. ವರ್ಷವಿಡೀ ಸಮನಾಗಿ ನೀರು ಒದಗಿಸುವ ಅಗತ್ಯವು 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರ ಅಣೆಕಟ್ಟೆಯ ಉದ್ದೇಶಗಳಲ್ಲಿ ಒಂದಾಯಿತು. ಪ್ರಕೃತಿಯೊಡನೆ ಏರಿಳಿಯುವ ಉತ್ಪಾದನೆಯನ್ನು ಬೇಡಿಕೆಗೆ ಹೊಂದಿಸುವ ಈ ಸಮಸ್ಯೆಯೇ ಇಂದು ಪವನ ವಿದ್ಯುತ್ತಿನ ವಿಷಯದಲ್ಲಿ ಕರ್ನಾಟಕದ ವಿದ್ಯುತ್ ಜಾಲದ ಮುಂದಿದೆ. ಗಾಳಿಯನ್ನು ನೀರಿನಂತೆ ಕೂಡಿಡಲಾಗದು. ಆದ್ದರಿಂದ ಗಾಳಿ ತಗ್ಗಿದಾಗ ಕೊರತೆ ತುಂಬಲು, ಬೇಗನೆ ಚಾಲನೆಗೊಳ್ಳುವ ಜಲವಿದ್ಯುತ್ ಕೇಂದ್ರಗಳು ನೆರವಾಗುತ್ತವೆ.

ಸ್ಮರಣೆ

ಬೆಂಗಳೂರಿನ ಶೇಷಾದ್ರಿಪುರಂ ಬಡಾವಣೆಗೆ ಅವರ ಹೆಸರಿಡಲಾಗಿದೆ. ಕಬ್ಬನ್ ಉದ್ಯಾನದಲ್ಲಿ ಅವರ ಪ್ರತಿಮೆಯಿದೆ. ಅಲ್ಲಿನ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯವಿದೆ.